ಗೋವಿಂದಯ್ಯನ ನಾಲಿಗೆ

ಗದ್ದಕ್ಕೆ ಕಟ್ಟಿದ ಬಟ್ಟೆ ಮತ್ತೆ ಜಾರಿತು. ಚಿಕ್ಕಮಲ್ಲಪ್ಪ ತಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಹೊಸ ಪಂಚೆಯ ಅಂಚು ಹರಿದು, ಬಾಯಿ ಮುಚ್ಚುವಂತೆ ಬಿಗಿಯಾಗಿ ಸುತ್ತಿದ. ಎಡ ದವಡೆಯ ಗಡ್ಡೆ ಅದಕ್ಕೆ ಬಿಡಲಿಲ್ಲ. ಬದುಕಿದ್ದಾಗ ನಾಲ್ಕು ಮಾತಾಡಲು ಜಿಪುಣತನ ಮಾಡುತ್ತಿದ್ದ ಗೋವಿಂದಯ್ಯ, ಈಗ ಏನೋ ಹೇಳಲು ಹೊರಟವನಂತೆ ಬಾಯಿ ತೆರೆದುಕೊಂಡು ಮಲಗಿದ್ದ.

"ಬುಡಿ ಬಾವ, ಅಂಗೇ ಇರ್ಲಿ," ಎಂದಳು ಪುಟ್ಟಸಿದ್ದಮ್ಮ.

ಗಂಡ ಸತ್ತು ಒಂದು ಹಗಲೂ ಕಳೆದಿರಲಿಲ್ಲ. ಆದರೆ ಅವಳಿಗೆ ಅಳುವುದಕ್ಕೂ ಪುರುಸೊತ್ತಿಲ್ಲ. ಅವಳ ಗಮನವೆಲ್ಲ ಅಂಗಳದ ಚಪ್ಪರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಬೀಗರ ಮೇಲಿತ್ತು. ಉಮ್ಮತ್ತೂರಿನ ಶಿವಮಲ್ಲಪ್ಪ, ಪಕ್ಕದಲ್ಲಿ ಅವರ ಮಗ ಗಣೇಶ. ಹುಡುಗ ಚಾಮರಾಜನಗರದ ಶಾಲೆಯೊಂದರಲ್ಲಿ ಗುಮಾಸ್ತ. ಅವನಿಗೂ ಮಗಳು ಮಾನಸಳಿಗೂ ವೀಳ್ಯಶಾಸ್ತ್ರ ಮುಗಿದಿತ್ತು. ಗಂಡುಮಕ್ಕಳಿಲ್ಲದ ಮನೆ, ದುಡಿಯುತ್ತಿದ್ದವನು ಹೋದ. ಈ ಸಂಬಂಧವೂ ತಪ್ಪಿಹೋದರೆ ಮುಂದೇನು ಎಂದು ಯೋಚಿಸುವ ಧೈರ್ಯ ಕೂಡ ಅವಳಿಗಿರಲಿಲ್ಲ. ಇವತ್ತೊಂದು ದಿನ ಯಾವ ಮಾತೂ ಏಳದೆ ಮಣ್ಣಾದರೆ ಸಾಕು ಎಂದು ಬೆಳಗಿನಿಂದ ಮನಸ್ಸಿನಲ್ಲೇ ಮಾದಪ್ಪನಿಗೆ ಕೈ ಮುಗಿಯುತ್ತಿದ್ದಳು.

ಮಾದಪ್ಪ ಬೇರೆ ಯಾವುದೋ ಕೆಲಸದಲ್ಲಿದ್ದನೆಂದು ಕಾಣುತ್ತದೆ. ಗುಂಡ್ಲುಪೇಟೆ ಕಡೆಯಿಂದ ಬಂದ ಜೀಪು ಅಂಗಳದ ಮುಂದೆಯೇ ನಿಂತು, ಗಿರೀಶ ಇಳಿದ. ಊಟಿ ರಸ್ತೆಯ ಬಾರಿನಲ್ಲಿ ಗೋವಿಂದಯ್ಯನ ಕೈಕೆಳಗೆ ಕೆಲಸ ಕಲಿತವನು ಅವನು. ಅತ್ತು ಕೆಂಪಾದ ಕಣ್ಣು, ಕೈಯಲ್ಲಿ ಸ್ಟೀಲ್ ಫ್ಲಾಸ್ಕು.

ಅದನ್ನು ತರಲು ಹೇಳಿದವನು ಚಿಕ್ಕಮಲ್ಲಪ್ಪನೇ. ಸತ್ತವರನ್ನು ಗುಂಡಿಗೆ ಇಳಿಸಿದ ಮೇಲೆ, ಅವರಿಗೆ ಇಷ್ಟವಾದದ್ದನ್ನು ಬಾಯಿಗೆ ಬಿಟ್ಟು ಕಳಿಸುವುದು ಅವರ ಮನೆತನದ ಪದ್ಧತಿ. ಅಪ್ಪನಿಗೆ ಕೋಳಿಸಾರು ಬಿಟ್ಟಿದ್ದರು, ಅಜ್ಜಿಗೆ ಬೆಲ್ಲದ ಕಾಫಿ. ಬಾರಿನಲ್ಲಿ ಆಯುಸ್ಸು ಸವೆಸಿದವನಿಗೆ ಇನ್ನೇನು ಇಷ್ಟವಿದ್ದೀತು ಎಂದುಕೊಂಡ ಅಣ್ಣ, ಯಾರನ್ನೂ ಕೇಳದೆ ಬೆಳಿಗ್ಗೆಯೇ ಫೋನು ಮಾಡಿಸಿದ್ದ. ಗೋವಿಂದಯ್ಯ ಜನ್ಮದಲ್ಲಿ ಒಂದು ಗುಟುಕೂ ಕುಡಿದವನಲ್ಲ ಎಂಬುದು ಒಡಹುಟ್ಟಿದವನಿಗೇ ಗೊತ್ತಿರಲಿಲ್ಲ.

ಶಿವಮಲ್ಲಪ್ಪ ಫ್ಲಾಸ್ಕನ್ನೂ ಪುಟ್ಟಸಿದ್ದಮ್ಮನನ್ನೂ ನೋಡಿದರು. ಹತ್ತಿರ ಕರೆದು, ಬೇರೆಯವರಿಗೆ ಕೇಳಿಸದಂತೆ ಕೇಳಿದರು.

"ಕುಡೀತಿದ್ರೇನಮ್ಮ?"

"ಇಲ್ಲ ಬೀಗ್ರೆ. ಇಲ್ಲ. ಬಾವಯ್ಯ ಗೊತ್ತಿಲ್ದೆ ತರ್ಸವ್ರೆ ಕಣ."

ಇಷ್ಟು ಹೇಳುವುದರೊಳಗೆ ಅವಳ ಕಂಕುಳೆಲ್ಲ ಬೆವರಿತ್ತು. ಕುಡಿಯದೆ ಇದ್ದದ್ದು ನಿಜ. ಅವಳಿಗೆ ಭಯವಿದ್ದದ್ದು ಅದರ ಹಿಂದಿನ ಇನ್ನೊಂದು ನಿಜದ ಬಗ್ಗೆ.

*

ವಯಸ್ಸಿನಲ್ಲಿ ಬೆಂಗಳೂರಿನ ಪಬ್ಬೊಂದರಲ್ಲಿ ಗ್ಲಾಸು ತೊಳೆಯುತ್ತ, ಆಮೇಲೆ ಕಾಕ್‌ಟೇಲ್ ಬೆರೆಸುವುದನ್ನು ಕಲಿತು ಬಂದವನು ಗೋವಿಂದಯ್ಯ. ಗುಂಡ್ಲುಪೇಟೆಯಲ್ಲಿ ಅದನ್ನೆಲ್ಲ ಕೇಳುವವರು ಯಾರು ಎಂದು ಮಾಲೀಕರು ನಕ್ಕಿದ್ದರು. ಅವನು ಪೇಟೆಯ ಬಾಟಲಿ ಶರಬತ್ತುಗಳನ್ನು ಪಕ್ಕಕ್ಕಿಟ್ಟು, ಸೊಗದೆ ಬೇರು ಕುದಿಸಿದ. ಹೊಲದ ಹಸಿ ಅರಿಶಿನ ಜಜ್ಜಿದ. ಬೆಟ್ಟದ ನೆಲ್ಲಿಕಾಯಿ, ಹುಣಸೆ ಚಿಗುರು, ಸಂತೆಯಲ್ಲಿ ಸಿಕ್ಕಿದ್ದೆಲ್ಲ ಅವನ ಕೌಂಟರಿಗೆ ಬಂತು. ಸೊಗದೆ, ನಿಂಬೆ, ರಮ್ ಸೇರಿಸಿ ಮಾಡಿದ್ದಕ್ಕೆ 'ಬೆಟ್ಟದ ಮಂಜು' ಎಂದು ಹೆಸರಿಟ್ಟ. ಊಟಿಗೆ ಹೋಗುವವರು, ಕೇರಳಕ್ಕೆ ಮರಳುವವರು ಅದನ್ನೇ ಕೇಳಿಕೊಂಡು ಕಾರು ನಿಲ್ಲಿಸತೊಡಗಿದರು. ರಾತ್ರಿ ಹೊತ್ತು ಕಾಡಿನ ರಸ್ತೆ ಮುಚ್ಚಲು ಶುರುವಾದ ವರ್ಷವಂತೂ, ಗೇಟು ಹಾಕುವುದರೊಳಗೆ ದಾಟಲಾಗದವರಿಂದ ಬಾರಿನಲ್ಲಿ ಕೂರಲು ಜಾಗವಿರಲಿಲ್ಲ.

ಗ್ಲಾಸಿಗೆ ತುಟಿ ತಾಗಿಸಿದರೆ ಅದು ಎಂಜಲು. ಅದಕ್ಕೇ ಅವನು ಒಂದು ಹನಿಯನ್ನು ಅಂಗೈ ಹಿಂದೆ ಬಿಟ್ಟುಕೊಂಡು ನೆಕ್ಕಿ ನೋಡುತ್ತಿದ್ದ, ಉಗಿದು ಬಾಯಿ ಮುಕ್ಕಳಿಸುತ್ತಿದ್ದ. ಅವನ ಸಂಬಳವೆಲ್ಲ ಆ ಒಂದು ಹನಿಯಲ್ಲಿತ್ತು.

ಕಡ್ಡಿಪುಡಿ ಹೊಗೆಸೊಪ್ಪು ಅಗಿಯುತ್ತಿದ್ದ ದವಡೆಯಲ್ಲಿ ಹುಣ್ಣಾಯಿತು. ಮೈಸೂರಿನ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕರೆಂಟು ಕೊಡಿಸಿದರು. ಹುಣ್ಣು ಒಣಗಿದಂತೆ ಕಂಡಿತು, ನಾಲಿಗೆ ಮಾತ್ರ ಸತ್ತುಹೋಯಿತು. ಉಪ್ಪಿಟ್ಟರೂ ಅಷ್ಟೆ, ಬೆಲ್ಲವಿಟ್ಟರೂ ಅಷ್ಟೆ, ಬೂದಿ ತಿಂದಂತೆ. ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತು ಅವನು ಬಿಕ್ಕಿ ಬಿಕ್ಕಿ ಅತ್ತದ್ದನ್ನು ಪುಟ್ಟಸಿದ್ದಮ್ಮ ಅದೊಂದೇ ಸಲ ನೋಡಿದ್ದು. ಮಾಲೀಕರಿಗೆ ಗೊತ್ತಾದರೆ ಮರುದಿನವೇ ಗಿರೀಶ ಆ ಜಾಗದಲ್ಲಿ ನಿಲ್ಲುತ್ತಾನೆ.

ಕೈ ಮುಂದೆ ಚಾಚಿದವಳು ಮಾನಸ. "ನಂಗೆ ಬುಡಪ್ಪ, ನಾ ಏಳ್ತೀನಿ," ಎಂದಳಂತೆ. ಅಂದಿನಿಂದ ಬಾರಿನಲ್ಲಿ ಬೆರೆಸಿದ್ದು ಟಿಫಿನ್ ಡಬ್ಬಿಯ ಕೆಳಗೆ ಸಣ್ಣದೊಂದು ಶೀಶೆಯಲ್ಲಿ ಮನೆಗೆ ಬಂತು. ರಮ್ ಸೇರಿದ ಮೇಲೆ ರುಚಿಯೇ ಬೇರೆಯಾಗುವುದರಿಂದ ಬರಿಯ ಪಾಕ ನೋಡಿ ಪ್ರಯೋಜನವಿರಲಿಲ್ಲ. ದಿನಾ ಬೆಳಿಗ್ಗೆ ಹಿತ್ತಲಿನಲ್ಲಿ ಅವಳ ಅಂಗೈ ಹಿಂದೆ ಒಂದು ಹನಿ ಬೀಳುತ್ತಿತ್ತು. ಅವಳು ನೆಕ್ಕಿ ಕಣ್ಣು ಮುಚ್ಚುತ್ತಿದ್ದಳು. ಅವಳು ತಲೆದೂಗುವವರೆಗೆ, ಅಷ್ಟು ದೊಡ್ಡ ಗಂಡಸು ಪರೀಕ್ಷೆ ಬರೆದ ಮಕ್ಕಳಂತೆ ಅವಳ ಮುಖವನ್ನೇ ನೋಡುತ್ತ ನಿಂತಿರುತ್ತಿದ್ದ. ನೋಡಲಾಗದೆ ಪುಟ್ಟಸಿದ್ದಮ್ಮ ಒಳಗೆ ಹೋಗಿಬಿಡುತ್ತಿದ್ದಳು.

ವೀಳ್ಯದ ದಿನ ಶಿವಮಲ್ಲಪ್ಪ ವರದಕ್ಷಿಣೆಯ ಮಾತೆತ್ತಲಿಲ್ಲ. ಅವರ ಅಣ್ಣ ಕುಡಿದೇ ಸತ್ತವರು. ಯಜಮಾನರು ಬಾರಿನಲ್ಲಿ ಕೆಲಸ ಮಾಡಲಿ, ಅದು ಹೊಟ್ಟೆಪಾಡು, ಆದರೆ ಆ ಪದಾರ್ಥ ಹೊಸ್ತಿಲು ದಾಟಿಲ್ಲ ಎಂದು ದೀಪ ಮುಟ್ಟಿ ಹೇಳಿ ಎಂದಷ್ಟೇ ಕೇಳಿದರು. ಗೋವಿಂದಯ್ಯ ತಲೆ ತಗ್ಗಿಸಿದ. ದೀಪ ಮುಟ್ಟಿದವಳು ಪುಟ್ಟಸಿದ್ದಮ್ಮ. ಮಗಳಿಗಾಗಿ ಮುಟ್ಟಿದಳು, ಇನ್ನೊಮ್ಮೆ ಕೇಳಿದ್ದರೆ ಇನ್ನೊಮ್ಮೆಯೂ ಮುಟ್ಟುತ್ತಿದ್ದಳು.

*

ಅರಿಶಿನದ ಹೊಲದ ಬದುವಿನಲ್ಲಿ ಗುಂಡಿ ತೋಡಿದ್ದರು. ಭೀಮನಬೀಡಿನ ಅರ್ಧ ಊರು ಸುತ್ತ ನಿಂತಿತ್ತು. ಹೆಣ ಇಳಿಸಿ, ಮುಖದ ಬಟ್ಟೆ ಸರಿಸಿ, ಕಡೆಯ ಸಲ ನೋಡುವವರು ನೋಡಿ ಎಂದರು. ಚಿಕ್ಕಮಲ್ಲಪ್ಪ ಗಿರೀಶನಿಗೆ ಸನ್ನೆ ಮಾಡಿದ.

ಗಿರೀಶ ಫ್ಲಾಸ್ಕಿನಿಂದ ಗಾಜಿನ ಲೋಟಕ್ಕೆ ಬಗ್ಗಿಸಿದ. ಗುಂಡಿಯ ಅಂಚಿಗೆ ಹೋದವನು ಅಲ್ಲೇ ನಿಂತುಬಿಟ್ಟ.

"ಸರಿಯಾಗದೋ ಇಲ್ವೋ ಗೊತ್ತಿಲ್ಲ ಕಣಣ್ಣ," ಎಂದ, ಗುಂಡಿಯೊಳಗಿನ ಮುಖಕ್ಕೆ. "ನೀನೇ ಏಳ್ಬೇಕಿತ್ತು."

ಪುಟ್ಟಸಿದ್ದಮ್ಮ ಮಗಳ ಮಣಿಕಟ್ಟು ಹಿಡಿದುಕೊಂಡಳು. ಮಾನಸಳ ಮೂಗಿನ ಹೊಳ್ಳೆ ಅರಳಿದ್ದನ್ನು, ಅವಳ ಹುಬ್ಬು ಕೂಡಿದ್ದನ್ನು ತಾಯಿಯೊಬ್ಬಳೇ ಕಂಡಿದ್ದಳು. ಆ ಹುಬ್ಬಿನ ಅರ್ಥ ಅವಳಿಗೆ ಗೊತ್ತು. ಏನೋ ತಪ್ಪಿದೆ.

"ಸುಮ್ಕಿರು ಮಗ," ಎಂದು ಪಿಸುಗುಟ್ಟಿದಳು. "ನಿನ್ ಕಾಲಿಗ್ ಬೀಳ್ತೀನಿ, ಸುಮ್ಕಿರು."

"ತಪ್ಪಾಗಿರದ್ನ ಎಂಗವ್ವ ಕೊಡದು? ಅಪ್ಪ ನನ್ ಮೊಕನೇ ನೋಡ್ತಿರ್ತದೆ."

ಅವಳು ಕೈ ಕಿತ್ತುಕೊಂಡಳು. ಗುಂಡಿಯ ಬಳಿ ಹೋಗಿ ಗಿರೀಶನ ಕೈಯಿಂದ ಲೋಟ ತೆಗೆದುಕೊಂಡು, ಎಲ್ಲರ ಕಣ್ಣೆದುರಿಗೆ, ಅಂಗೈ ಹಿಂದೆ ಒಂದು ಹನಿ ಬಿಟ್ಟುಕೊಂಡು ನೆಕ್ಕಿದಳು. ಕಣ್ಣು ಮುಚ್ಚಿದಳು.

"ಹುಳಿ ಸಾಲ್ದು ಗಿರೀಶಣ್ಣ. ಸೊಗದೆ ಜಾಸ್ತಿ ಆಗದೆ."

ಎಡೆಯ ತಟ್ಟೆಯಲ್ಲಿದ್ದ ನಿಂಬೆಹಣ್ಣನ್ನು ಹಲ್ಲಿನಿಂದ ಕಚ್ಚುವುದಕ್ಕೆ ಹೋಗಿ, ಎಂಜಲಾದೀತೆಂದು ನೆನಪಾಗಿ, ಗುಂಡಿ ತೋಡಿದವನ ಕುಡುಗೋಲು ಇಸಿದುಕೊಂಡು ಕುಯ್ದು ಹಿಂಡಿದಳು. ಇನ್ನೊಂದು ಹನಿ ನೋಡಿದಳು. ಹೂಂ ಎಂಬಂತೆ ತಲೆದೂಗಿದಳು. ಒಂದು ವರ್ಷದಿಂದ ಗುರುಗಳು ದಿನಾ ರಾತ್ರಿ ಸಣ್ಣ ಶೀಶೆ ಯಾಕೆ ಕಟ್ಟಿಕೊಂಡು ಹೋಗುತ್ತಿದ್ದರೆಂದು ಗಿರೀಶನಿಗೆ ಈಗ ತಿಳಿಯಿತು. ಮಾನಸ ಬಗ್ಗಿ, ಅಪ್ಪನ ಬಾಯಿಗೆ ನಿಧಾನವಾಗಿ ಬಿಟ್ಟಳು. ಆಮೇಲೆ ಬದುವಿನ ಮೇಲೆ ಕುಸಿದು ಕೂತು, ಬೆಳಗಿನಿಂದ ತಡೆದಿದ್ದ ಅಳುವನ್ನೆಲ್ಲ ಅತ್ತಳು.

ಶಿವಮಲ್ಲಪ್ಪ ಪುಟ್ಟಸಿದ್ದಮ್ಮನ ಬಳಿ ಬಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದರಿಂದಲೇ ಅವಳಿಗೆ ಹೆಚ್ಚು ಹೆದರಿಕೆಯಾದದ್ದು.

"ದೀಪ ಮುಟ್ಟಿದ್ರಲ್ಲಮ್ಮ."

ಹೇಳಬೇಕಾದ ಮಾತು ಬೇಕಾದಷ್ಟಿತ್ತು. ಕರೆಂಟು ಕೊಡಿಸಿದ್ದು, ಬೂದಿಯ ರುಚಿ, ಒಗೆಯುವ ಕಲ್ಲು. ಅವಳು ಕೈ ಜೋಡಿಸಿದಳು.

ಮಣ್ಣು ಹಾಕುವ ಸರದಿ ಬಂತು. ಅಣ್ಣ ಹಾಕಿದ, ದಾಯಾದಿಗಳು ಹಾಕಿದರು, ಗಿರೀಶ ಹಾಕಿದ. ಬೀಗರು ಬನ್ನಿ ಎಂದು ಯಾರೋ ಕರೆದರು. ಬೀಗರು ಒಂದು ಹಿಡಿ ಹಾಕಿದರೆ ಸಂಬಂಧ ಉಂಟು, ಹಾಕದಿದ್ದರೆ ಇಲ್ಲ. ಆ ಲೆಕ್ಕ ಊರಿಗೆಲ್ಲ ಗೊತ್ತು. ಆಗಲೇ ಬಗ್ಗಿ ಮಣ್ಣು ತೆಗೆದುಕೊಂಡಿದ್ದ ಶಿವಮಲ್ಲಪ್ಪ ಗುಂಡಿಯವರೆಗೆ ಬಂದರು. ಮುಷ್ಟಿ ಸಡಿಲಿಸಿ, ಮಣ್ಣನ್ನು ತಮ್ಮ ಪಾದದ ಬಳಿಯೇ ಉದುರಿಸಿ, ಕೈ ಕೊಡವಿಕೊಂಡು ರಸ್ತೆಯ ಕಡೆ ತಿರುಗಿದರು.

ಗಣೇಶನ ಕೈಯಲ್ಲೂ ಒಂದು ಹಿಡಿ ಮಣ್ಣಿತ್ತು. ಅವನು ಗುಂಡಿಯನ್ನು ನೋಡಿದ, ಬದುವಿನ ಮೇಲೆ ಕೂತವಳನ್ನು ನೋಡಿದ. ಅಪ್ಪ ರಸ್ತೆಯಿಂದ ಅವನ ಹೆಸರು ಹಿಡಿದು ಕರೆದರು. ಅವನು ಹಾಕಲಿಲ್ಲ, ಚೆಲ್ಲಲೂ ಇಲ್ಲ. ಅರಿಶಿನದ ಸಾಲುಗಳ ನಡುವೆ ಅಪ್ಪನ ಹಿಂದೆ ಹೊರಟ. ಪುಟ್ಟಸಿದ್ದಮ್ಮ ಕೈ ಮುಗಿದುಕೊಂಡೇ ನೋಡುತ್ತಿದ್ದಳು. ಬಸ್ಸು ಬಂದು ನಿಂತಾಗ ಅವನು ಕಂಬಿಯನ್ನು ಎಡಗೈಯಲ್ಲಿ ಹಿಡಿದು ಹತ್ತಿದ. ಬಲಗೈಯ ಮುಷ್ಟಿ ಇನ್ನೂ ಬಿಚ್ಚಿರಲಿಲ್ಲ.