ಬಹುವಚನ

ನನ್ನ ತಮ್ಮ ತೇಸಿಕ್ ಕೊರಿಯಾದ ಬುಸಾನಿನಲ್ಲಿ ಮೀನಿನ ದೋಣಿ ನಡೆಸುವವನು. ಅವನು ಕಟ್ಟಿಕೊಂಡವಳು ಥಾಮ್, ವಿಯೆಟ್ನಾಮಿನ ಹನೋಯಿಯ ಹುಡುಗಿ. ಮದುವೆಯೇನೋ ಆಯಿತು, ಕರೆತರಲು ವೀಸಾ ಬೇಕಲ್ಲ! ಕೆಲಸದ ವೀಸಾಕ್ಕೆ ಅವಳ ಓದು ಸಾಲದು, ಪ್ರವಾಸಿ ವೀಸಾದಲ್ಲಿ ಸಂಸಾರ ಹೂಡಲಾಗದು. ಉಳಿದದ್ದು ಹೆಂಡತಿಯ ವೀಸಾ. ಅದಕ್ಕೆ ನಮ್ಮ ಕೊರಿಯನ್ ಮಾತು ಬರಬೇಕು.

"ಫೋನಲ್ಲಿ ನಾನೇ ಕಲಿಸಿದ್ದೀನಿ ಅಕ್ಕ. ಅರಳು ಹುರಿದ ಹಾಗೆ ಮಾತಾಡ್ತಾಳೆ," ಎಂದು ಬೀಗುತ್ತ ನನ್ನನ್ನೂ ಹನೋಯಿಗೆ ಕರೆದೊಯ್ದ.

ಅಲ್ಲಿನ ಕೊರಿಯಾ ವೀಸಾ ಕಚೇರಿಯಲ್ಲಿ ತಲೆ ನರೆತ ಅಧಿಕಾರಿ, ನಮ್ಮ ಮಾತಿನಲ್ಲೇ, "ಕೂತ್ಕೊಳ್ಳಿ. ಊಟ ಆಯ್ತಾ?" ಎಂದರು.

ಥಾಮ್ ಸೊಂಟ ಬಗ್ಗಿಸಿ ವಂದಿಸಿ, ನಗುನಗುತ್ತ ಹೇಳಿದಳು: "ಆಯ್ತು. ನೀನು ತಿಂದ್ಯಾ? ಏನು ಬೇಕು, ಬೇಗ ಹೇಳು!"

ನಮ್ಮಲ್ಲಿ ಹಿರಿಯರನ್ನು ಏಕವಚನದಲ್ಲಿ ಮಾತಾಡಿಸಿದವರಿಗೆ ಮರ್ಯಾದೆ ಉಳಿಯುವುದಿಲ್ಲ.

ಅಧಿಕಾರಿ ರೇಗಲಿಲ್ಲ. "ಯಾರಮ್ಮ ಕಲಿಸಿದ್ದು?"

"ನನ್ನ ಗಂಡ! ಅವನು ನನ್ನ ಹತ್ರ ಹೀಗೇ ಮಾತಾಡೋದು," ಎಂದಳು ಹೆಮ್ಮೆಯಿಂದ.

ಅವಳ ಕಿವಿಗೆ ಬೇರೆ ಮಾತು ಬಿದ್ದಿದ್ದರೆ ತಾನೆ! ಫೋನಿನಲ್ಲಿ ನಾನೂ "ಏಯ್, ಬಾರೇ ಇಲ್ಲಿ" ಎಂದವಳೇ. ತೇಸಿಕ್ ತನ್ನ ಬೂಟುಗಳನ್ನೇ ನೋಡುತ್ತಿದ್ದ. ಕಿವಿ ಕೆಂಡದಂತಾಗಿತ್ತು.

"ಮಾತು ಬರುತ್ತೆ," ಎಂದು ಅಧಿಕಾರಿ ಮುದ್ರೆ ಒತ್ತಿದರು. ಆಮೇಲೆ ತೇಸಿಕ್‌ನತ್ತ ತಿರುಗಿ, "ಇನ್ನು ಕಲೀಬೇಕಾದವರು ನೀವು," ಎಂದರು.

ಹೊರಗೆ ಬಾಗಿಲ ಬಳಿ ತೇಸಿಕ್ ಅವಳ ಚೀಲ ತಾನೇ ಎತ್ತಿಕೊಂಡ. ತಲೆ ಎತ್ತದೆ, ಮೆಲ್ಲಗೆ, "ಬನ್ನಿ, ಹೋಗೋಣ," ಎಂದ.

ಯಾರನ್ನು ಕರೆದನೋ ಎಂದು ಥಾಮ್ ಹಿಂದೆ ತಿರುಗಿ ನೋಡಿದಳು.