ಕೊನೆಯ ಕೋಣೆಯ ಊಹೆ

ಹಲಗೆಯ ಮೇಲೆ ‘ಊಹೆ’ ಎಂದು ದೊಡ್ಡದಾಗಿ ಬರೆದು ವಿಜ್ಞಾನದ ಟೀಚರ್ ತಿರುಗುವಷ್ಟರಲ್ಲಿ ಮಧ್ಯದ ಸಾಲಿನ ಹುಡುಗಿಯೊಬ್ಬಳು ಬೆಂಚಿನಿಂದ ಪಕ್ಕಕ್ಕೆ ವಾಲಿ ನೆಲಕ್ಕೆ ಬಿದ್ದಳು. ಎತ್ತಲು ಬಗ್ಗಿದ ಇನ್ನೊಬ್ಬಳು ಅಲ್ಲೇ ವಾಂತಿ ಮಾಡಿಕೊಂಡಳು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ತಲೆ ಹಿಡಿದುಕೊಂಡು, “ಮೇಡಂ, ನಂಗೂ ಏನೋ ಆಗ್ತಿದೆ” ಎಂದ. ಹತ್ತನೇ ತರಗತಿಯ ಮಕ್ಕಳು ಕೂರುವ ಆ ಕೊನೆಯ ಕೋಣೆಯಲ್ಲಿ ಹೀಗಾಗುತ್ತಿರುವುದು ಅದು ಮೂರನೆಯ ಸಲ.

ಮೈದಾನದ ಗಾಳಿಗೆ ಕೂರಿಸಿದ ಮೇಲೆ ಎಲ್ಲರೂ ಸುಧಾರಿಸಿಕೊಂಡರು. ಆದರೆ ಸುದ್ದಿ ಮಕ್ಕಳಿಗಿಂತ ಮೊದಲೇ ಮನೆ ಮುಟ್ಟಿತ್ತು. ಮಧ್ಯಾಹ್ನದ ಹೊತ್ತಿಗೆ ಶಾಲೆಯ ಗೇಟಿನ ಮುಂದೆ ತಂದೆ ತಾಯಂದಿರು ಜಮಾಯಿಸಿದರು. ನೀರಿನಲ್ಲೇ ಏನೋ ಇದೆ ಎಂದು ಯಾರೋ ಅಂದರು. ನೀರು ಅಂದಮೇಲೆ ನೀರಣ್ಣನ ಹೆಸರು ಬರಲೇಬೇಕಲ್ಲ. ಟ್ಯಾಂಕು ತೊಳೆಯುವುದು, ಪಂಪು ಹಾಕುವುದು, ಕೋಣೆಕೋಣೆಗೆ ಕುಡಿಯುವ ನೀರು ಇಡುವುದು ಎಲ್ಲ ಅವನ ಕೆಲಸ. ಕಳೆದ ತಿಂಗಳು ಶಾಲೆಯ ಕಟ್ಟಡ ನೋಡಿಕೊಳ್ಳುವವರ ಜೊತೆ ಅವನಿಗೆ ಜೋರು ಜಗಳವಾಗಿದ್ದನ್ನು ಎಲ್ಲರೂ ಕೇಳಿದ್ದರು.

“ಬೆಂಕಿಯಿಲ್ದೆ ಹೊಗೆ ಆಡುತ್ತೇನ್ರೀ? ಸೇಡು ಇದು!” ಎಂದು ಒಬ್ಬ ತಂದೆ ಕೂಗಿದ. ಕೂಗಿಗೆ ಕೈ ಸೇರಿತು. ಪೊಲೀಸರು ಬಂದು ನೀರಣ್ಣನನ್ನು ಜೀಪಿನಲ್ಲಿ ಕೂರಿಸಿಕೊಳ್ಳುವಾಗ ಅವನ ತುಟಿ ಒಡೆದಿತ್ತು, ಅಂಗಿಯ ಒಂದು ತೋಳು ಹರಿದು ಜೋತಾಡುತ್ತಿತ್ತು. ಸಂಜೆಗೆ ಬಿಟ್ಟರು. ಆದರೆ ಪರೀಕ್ಷೆಗೆ ಕಳಿಸಿದ ನೀರಿನ ವರದಿ ಬರುವವರೆಗೆ ಶಾಲೆಯ ಕಡೆ ತಲೆ ಹಾಕಬೇಡ ಎಂದು ಮುಖ್ಯೋಪಾಧ್ಯಾಯಿನಿ ಹೇಳಿ ಕಳಿಸಿದರು. ಟ್ಯಾಂಕಿನ ನಲ್ಲಿಗಳಿಗೆ ಬೀಗ ಬಿತ್ತು. ಮಕ್ಕಳು ಮನೆಯಿಂದಲೇ ನೀರು ತರಬೇಕೆಂದಾಯಿತು.

ಮುಖ್ಯೋಪಾಧ್ಯಾಯಿನಿ ವಿಜ್ಞಾನದ ಟೀಚರಿಗೆ ಸ್ವಂತ ಅಕ್ಕ. ಅಪ್ಪ ಕಟ್ಟಿದ ಶಾಲೆಯನ್ನು ಅವಳೇ ನಡೆಸುತ್ತಿದ್ದಳು. ಕಟ್ಟಡದ ಉಸ್ತುವಾರಿ ಭಾವನದು. ಶಾಲೆಯ ಹಿಂದಿನ ಮನೆಯಲ್ಲಿ ಕೆಳಗೆ ಅಕ್ಕ ಭಾವ, ಮೇಲೆ ತಂಗಿ. ರಾತ್ರಿ ಊಟಕ್ಕೆ ಮಾತ್ರ ಒಂದೇ ಮೇಜು. ನೀರಣ್ಣ ತಪ್ಪು ಮಾಡಿದ್ದಾನೆಂದು ತಂಗಿಗೆ ಅನ್ನಿಸಿರಲಿಲ್ಲ. ಹಾಗೆಂದು ಅವಳು ಬೇರೆ ಏನನ್ನೂ ಹುಡುಕಿಯೂ ಇರಲಿಲ್ಲ. ಇದೆಲ್ಲ ಪರೀಕ್ಷೆಯ ಭಯ ಎಂದು ಅವಳ ಮನಸ್ಸು ಆಗಲೇ ತೀರ್ಮಾನ ಕೊಟ್ಟಿತ್ತು. ಮಕ್ಕಳಿಗೂ ಅದನ್ನೇ ಹೇಳಿದ್ದಳು.

ಮರುದಿನ ತರಗತಿಯಲ್ಲಿ ಅರ್ಧ ಬೆಂಚು ಖಾಲಿ. ಅವಳು ನಿಂತುಹೋದ ಪಾಠವನ್ನೇ ಎತ್ತಿಕೊಂಡಳು.

“ನೀರಲ್ಲಿ ವಿಷ ಇದೆ ಅಂತ ಹೊರಗೆ ಎಲ್ಲರೂ ಅಂತಿದ್ದಾರೆ. ಅದು ಊಹೆ. ಊಹೆ ಮಾಡೋದು ತಪ್ಪಲ್ಲ. ಆದ್ರೆ ಅದು ಸುಳ್ಳಾಗಿದ್ರೆ ಹೇಗೆ ಗೊತ್ತಾಗ್ಬೇಕು? ಅದನ್ನ ಮೊದಲು ಹೇಳಿ.”

“ಒಂದೇ ಟ್ಯಾಂಕಿನ ನೀರು ಎಲ್ಲ ಕ್ಲಾಸಿಗೂ ಹೋಗುತ್ತೆ. ನೀರಿಂದ ಆಗಿದ್ರೆ ಎಲ್ಲ ಕ್ಲಾಸಲ್ಲೂ ಬೀಳ್ಬೇಕಿತ್ತು. ನಾವು ಮಾತ್ರ ಬಿದ್ವಿ” ಎಂದಳು ಮುಂದಿನ ಬೆಂಚಿನ ಹುಡುಗಿ. ಮಾತಿಗೆ ಮಾತು ಕೂಡಿಸುವ ಅವಳಿಗೆ ಇಡೀ ಶಾಲೆ ‘ಲಾಯರಮ್ಮ’ ಎಂದು ಹೆಸರಿಟ್ಟಿತ್ತು.

“ನಮ್ಮ ಕೊಡಕ್ಕೆ ಮಾತ್ರ ಹಾಕಿರ್ಬಹುದಲ್ಲ?” ಎಂದ ಒಬ್ಬ.

“ಕೊಡದ ನೀರು ಕುಡಿಯದವರೂ ಬಿದ್ರಲ್ಲ?”

“ಹಾಗಾದ್ರೆ ಲೋಟಕ್ಕೆ ಹಚ್ಚಿರ್ಬೇಕು.”

ಟೀಚರ್ ಕೈಯೆತ್ತಿದಳು. “ನೋಡಿ, ಏನು ಕಂಡ್ರೂ ಜಾರ್ಕೊಂಡು ಹೋಗೋ ಊಹೆಯಿಂದ ಉಪಯೋಗ ಇಲ್ಲ. ಹೀಗಾದ್ರೆ ನಾನು ಸೋತೆ ಅಂತ ಮೊದಲೇ ಒಪ್ಕೊಳ್ಳೋ ಊಹೆಯನ್ನ ಮಾತ್ರ ಪರೀಕ್ಷೆ ಮಾಡೋಕಾಗೋದು.”

ಲಾಯರಮ್ಮ ಕೂರಲಿಲ್ಲ. “ಮೇಡಂ, ಒಂದು ಕೇಳ್ಲಾ? ನೀವು ಭಯ ಅಂತೀರಲ್ಲ. ನಾವು ಬಿದ್ರೆ ಭಯ. ಬೀಳದಿದ್ರೆ ಧೈರ್ಯ ಬಂತು ಅಂತೀರಿ. ಅದೂ ಜಾರ್ಕೊಳ್ಳುತ್ತಲ್ವಾ?”

ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ಟೀಚರ್ ಬಿಟ್ಟುಕೊಡಲಿಲ್ಲ. “ಒಬ್ಬರು ಆಕಳಿಸಿದ್ರೆ ಪಕ್ಕದವರೂ ಆಕಳಿಸ್ತಾರೆ. ಒಬ್ಬರು ಬಿದ್ದದ್ದು ನೋಡಿ ಇನ್ನೊಬ್ಬರು ಬೀಳ್ತಾರೆ. ಅದಕ್ಕೆ ಹೇಳಿದ್ದು.”

ಗೋಡೆಯ ಪಕ್ಕದ ಕೊನೆಯ ಬೆಂಚಿನಿಂದ ಒಂದು ಸಣ್ಣ ದನಿ ಬಂತು. ಮೊದಲ ಸಲ ಎಲ್ಲರಿಗಿಂತ ಮುಂಚೆ ಬಿದ್ದಿದ್ದ ಹುಡುಗಿ ಅವಳು. ಮಾತು ಕಡಿಮೆಯಾದ್ದರಿಂದ ಎಲ್ಲರೂ ‘ಮೌನಿ’ ಎನ್ನುತ್ತಿದ್ದರು. ಅಂದು ಟೀಚರೇ ಅವಳನ್ನು, ನಾಟಕ ಸಾಕು, ಏಳು, ಎಂದು ಗದರಿಸಿದ್ದಳು.

“ನಾನು ಬಿದ್ದಾಗ ಯಾರೂ ಬಿದ್ದಿರ್ಲಿಲ್ಲ ಮೇಡಂ. ನಾನು ಯಾರನ್ನ ನೋಡಿ ಬಿದ್ದೆ?”

ಕೈಯಲ್ಲಿದ್ದ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು ಟೀಚರ್ ಮೌನಿಯ ಬೆಂಚಿನ ತನಕ ನಡೆದು ಹೋದಳು.

“ನೀನು ಹೇಳೋದು ಸರಿ. ನನ್ನ ಊಹೆ ಬಿತ್ತು. ಈಗ ಹೇಳು, ಆವತ್ತು ಏನೇನಿತ್ತು?”

“ಕಿಟಕಿ ಹಾಕಿದ್ರು. ಜನರೇಟರ್ ಸದ್ದಿಗೆ ಪಾಠ ಕೇಳಿಸ್ತಿರ್ಲಿಲ್ಲ ಅಂತ.”

“ನಿನ್ನೇನೂ ಕರೆಂಟ್ ಹೋಗಿತ್ತು” ಎಂದ ಒಬ್ಬ. “ಅದಕ್ಕೂ ಹಿಂದಿನ ಸಲಾನೂ” ಎಂದಳು ಇನ್ನೊಬ್ಬಳು. ಎಲ್ಲರ ಕಣ್ಣೂ ಒಟ್ಟಿಗೇ ಕೋಣೆಯ ಹಿಂದಿನ ಗೋಡೆಯತ್ತ ತಿರುಗಿದವು. ಆ ಗೋಡೆಯ ಆಚೆಗೇ ಜನರೇಟರ್ ಇತ್ತು. ಅಕ್ಕಪಕ್ಕದ ಮನೆಯವರು ಸದ್ದಿಗೆ ತಕರಾರು ತೆಗೆದರೆಂದು ಇತ್ತೀಚೆಗಷ್ಟೇ ಅದರ ಸುತ್ತ ಇಟ್ಟಿಗೆ ಕಟ್ಟಿ, ಮೇಲೆ ತಗಡು ಹೊದಿಸಿ, ಸಂದುಗೊಂದು ಮುಚ್ಚಿಸಿದ್ದರು.

ಟೀಚರಿಗೆ ತಟ್ಟನೆ ಹೊಳೆಯಿತು. ಇಂಧನ ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ಬಗ್ಗೆ ಅವಳೇ ಪ್ರತಿ ವರ್ಷ ಪಾಠ ಮಾಡುತ್ತಿದ್ದಳು: ಬಣ್ಣವಿಲ್ಲ, ವಾಸನೆಯಿಲ್ಲ, ತಲೆನೋವಿನಿಂದ ಶುರುವಾಗಿ ನಿದ್ದೆಯಲ್ಲಿ ಮುಗಿಯುತ್ತದೆ.

“ಈಗಲೇ ಜನರೇಟರ್ ಹಾಕ್ಸಿ ಮೇಡಂ, ನಾನೊಬ್ಬ ಇಲ್ಲಿ ಕೂತ್ಕೋತೀನಿ. ಬಿದ್ರೆ ಗೊತ್ತಾಗುತ್ತೆ!” ಎಂದು ಹಿಂದಿನ ಬೆಂಚಿನ ಹುಡುಗ ಎದೆಯುಬ್ಬಿಸಿದ.

“ಬಾಯ್ಮುಚ್ಚು!” ಅವಳ ದನಿಗೆ ಎಲ್ಲರೂ ಬೆಚ್ಚಿದರು. “ಮನುಷ್ಯರ ಮೇಲೆ ವಿಷ ಪರೀಕ್ಷೆ ಮಾಡಲ್ಲ. ಕೋಣೆ ಖಾಲಿ ಇರ್ಬೇಕು, ಅಳೆಯೋಕೆ ಯಂತ್ರ ಬೇಕು. ಅಗ್ನಿಶಾಮಕದವರ ಹತ್ರ ಇರುತ್ತೆ. ಏಳಿ ಎಲ್ಲರೂ, ಹೊರಗೆ.”

ಅಗ್ನಿಶಾಮಕ ಠಾಣೆಯ ಅಧಿಕಾರಿ ಫೋನಿನಲ್ಲಿ, ನಾಡಿದ್ದು ಬರುತ್ತೇನೆ ಎಂದರು. ನಾಳೆ ಅದೇ ಕೋಣೆಯಲ್ಲಿ ಹೊರಗಿನ ಪರೀಕ್ಷಕರು ಬಂದು ಪರೀಕ್ಷೆ ನಡೆಸುವುದಿತ್ತು. ಊಟಕ್ಕೆ ಕುಳಿತಾಗ ಅವಳು ವಿಷಯ ತೆಗೆದಳು.

ಭಾವನ ಕೈ ತಟ್ಟೆಯ ಮೇಲೆಯೇ ನಿಂತಿತು. “ಗೋಡೆ ಕಟ್ಟಿಸಿದ್ದು ನಾನು. ಅಂದ್ರೆ ಮಕ್ಕಳಿಗೆ ವಿಷ ಹಾಕಿದ್ದು ನಾನು ಅಂತೀಯಾ?”

“ಹಾಗಂದಿಲ್ಲ ಭಾವ. ಇರಬಹುದು ಅಂದೆ.”

“ಪುರಾವೆ ಇದೆಯಾ?” ಎಂದಳು ಅಕ್ಕ.

“ಇಲ್ಲ. ಅದಕ್ಕೇ ನಾಡಿದ್ದು ಗಾಳಿ ಪರೀಕ್ಷೆ ಮಾಡೋಣ. ಅಲ್ಲಿವರೆಗೆ ಆ ಕೋಣೆ ಬೇಡ ಅಕ್ಕಾ.”

“ಆಸನದ ಸಂಖ್ಯೆ ಎಲ್ಲ ಬರೆದಾಗಿದೆ, ಹೊರಗಿನವರ ಅಪ್ಪಣೆ ಇಲ್ದೆ ಕೋಣೆ ಬದಲಿಸೋಕಾಗಲ್ಲ ಕಣೇ. ಈಗಾಗ್ಲೇ ಶಾಲೆ ಮಾನ ಬೀದಿಗೆ ಬಂದಿದೆ. ನಾಳೆ ಕರೆಂಟ್ ಹೋದ್ರೂ ಜನರೇಟರ್ ಓಡಿಸಲ್ಲ. ಸರಿನಾ?”

ಒಲ್ಲದ ಮನಸ್ಸಿನಿಂದ ತಂಗಿ ತಲೆಯಾಡಿಸಿದಳು.

ಮರುದಿನ ಗೇಟಿನ ಹೊರಗೆ ಮತ್ತೆ ಗದ್ದಲ. ನೀರಣ್ಣನನ್ನು ಜೈಲಿಗೆ ಹಾಕಿ ಎಂದು ಘೋಷಣೆ. ಮಕ್ಕಳ ಗಮನ ಚದುರದಿರಲೆಂದು ಅಕ್ಕ ಪರೀಕ್ಷೆಯ ಕೋಣೆಯ ಬಾಗಿಲು ಕಿಟಕಿ ಹಾಕಿಸಿದಳು. ತಂಗಿಗೆ ಮೇಲಿನ ಮಹಡಿಯಲ್ಲಿ ಚಿಕ್ಕ ಮಕ್ಕಳ ತರಗತಿ ಇತ್ತು. ಪರೀಕ್ಷೆ ಅರ್ಧ ಮುಗಿದಿರಬೇಕು, ಅವಳ ತಲೆಯ ಮೇಲಿನ ಫ್ಯಾನ್ ನಿಧಾನವಾಯಿತು. ನಿಂತಿತು. ಫ್ಯಾನ್ ಮತ್ತೆ ತಿರುಗತೊಡಗಿತು. ಕೆಳಗಿನಿಂದ ಗುರ್ರ್ ಎಂಬ ಸದ್ದು. ಕರೆಂಟ್ ಹೋದರೆ ತಾನಾಗಿಯೇ ಶುರುವಾಗುವ ಯಂತ್ರ ಅದು. ಹೊರಗಿನವರ ಮುಂದೆ ಕತ್ತಲಾದೀತೆಂದು ಭಾವ ಅದನ್ನು ಬಂದ್ ಮಾಡಿಸಿರಲಿಲ್ಲ.

ಮೊದಲು ಜನರೇಟರಿನ ಹತ್ತಿರ ಓಡಿದಳು. ಕದಕ್ಕೆ ಬೀಗ. ಬೀಗದ ಕೈ ಭಾವನ ಬಳಿ, ಭಾವ ಗೇಟಿನ ಬಳಿ, ಗೇಟಿನ ತುಂಬ ಜನ. ಭಾವನನ್ನು ಕರೆತರಲು ಪಹರೆಯವನನ್ನು ಅಟ್ಟಿ, ಕೊನೆಯ ಕೋಣೆಗೆ ಓಡಿದಳು. ಬಾಗಿಲ ಬಳಿ ಅಕ್ಕ ನಿಂತಿದ್ದಳು.

“ಪರೀಕ್ಷೆ ನಡೀತಿದೆ. ಒಳಗೆ ಹೋಗ್ಬೇಡ.”

“ಅಕ್ಕಾ, ಮಕ್ಕಳನ್ನ ಹೊರಗೆ ಕಳಿಸು.”

“ನಿನಗೆ ಖಚಿತವಾಗಿ ಗೊತ್ತಾ? ಹೇಳು, ಗೊತ್ತಾ?”

“ಗೊತ್ತಿಲ್ಲ!” ತಂಗಿ ಬಾಗಿಲಿಗೆ ಕೈ ಹಾಕಿದಳು. “ನಂದು ತಪ್ಪಾದ್ರೆ ಒಂದು ಪರೀಕ್ಷೆ ಹಾಳಾಗುತ್ತೆ. ಸರಿಯಾದ್ರೆ ಏನಾಗುತ್ತೆ ಅಂತ ಯೋಚನೆ ಮಾಡು.”

ಅಕ್ಕ ಪಕ್ಕಕ್ಕೆ ಸರಿಯಲಿಲ್ಲ. ತಂಗಿ ಅವಳನ್ನು ತಳ್ಳಿಕೊಂಡೇ ಒಳನುಗ್ಗಿದಳು.

ಪರೀಕ್ಷಕರು ಕುರ್ಚಿಯಲ್ಲಿ ಹಣೆ ಒತ್ತಿಕೊಂಡು ಕುಳಿತಿದ್ದರು. ನಾಲ್ಕಾರು ಮಕ್ಕಳು ಬೆಂಚಿಗೆ ತಲೆ ಆನಿಸಿದ್ದರು. ನೋಡಿದವರಿಗೆ ಉತ್ತರ ಹೊಳೆಯದೆ ಒರಗಿದಂತೆ ಕಾಣಬೇಕು. “ಏಳಿ! ಪೇಪರ್ ಬಿಡಿ, ಎಲ್ಲರೂ ಮೈದಾನಕ್ಕೆ!” ಅವಳು ಕಿಟಕಿಗಳನ್ನು ಒಂದೊಂದಾಗಿ ದಡಾರನೆ ತೆರೆದಳು. ಮಕ್ಕಳು ಎದ್ದರು, ತೂರಾಡಿದರು, ಒಬ್ಬರನ್ನೊಬ್ಬರು ಹಿಡಿದುಕೊಂಡು ಹೊರಗೋಡಿದರು. ಗೋಡೆಯ ಪಕ್ಕದ ಬೆಂಚಿನಲ್ಲಿ ಮೌನಿ ಮಾತ್ರ ಏಳಲಿಲ್ಲ. ಹೆಗಲು ಹಿಡಿದು ಅಲ್ಲಾಡಿಸಿದರೆ ತಲೆ ಬಟ್ಟೆಯ ಗೊಂಬೆಯಂತೆ ಜೋಲಿತು.

“ಅಕ್ಕಾ!”

ಆಗ ಅಕ್ಕ ಓಡಿಬಂದಳು. ಒಬ್ಬಳು ತೋಳು, ಒಬ್ಬಳು ಕಾಲು ಹಿಡಿದು ಆ ಹುಡುಗಿಯನ್ನು ಹೊತ್ತು ತಂದು ಹುಲ್ಲಿನ ಮೇಲೆ ಮಲಗಿಸಿದರು. ಜನರೇಟರಿನ ಸದ್ದು ನಿಂತಿತು. ಭಾವ ಬೀಗ ತೆಗೆದಿದ್ದರು. ಹುಡುಗಿ ಉಸಿರಾಡುತ್ತಿದ್ದಳು, ಕಣ್ಣು ಮಾತ್ರ ಬಿಡಲಿಲ್ಲ. ಆಂಬುಲೆನ್ಸ್ ಬರುವವರೆಗೆ ಅಕ್ಕ ಅವಳ ಅಂಗೈ ತಿಕ್ಕುತ್ತಲೇ ಇದ್ದಳು.

ಗೇಟು ತಳ್ಳಿಕೊಂಡು ಜನ ಒಳಗೆ ಬಂದರು. “ಮತ್ತೆ ನೀರು! ಮತ್ತೆ ಅವನೇ!”

“ಯಾವ ನೀರು ಅಂಕಲ್?” ಲಾಯರಮ್ಮ ಬಿಳಿಚಿಕೊಂಡ ಮುಖದಲ್ಲೇ ತನ್ನ ಬಾಟಲಿ ಎತ್ತಿ ಹಿಡಿದಳು. “ನಲ್ಲಿಗೆ ಬೀಗ ಹಾಕಿದೆ. ನೀರಣ್ಣ ಮನೇಲಿದ್ದಾರೆ. ಇದು ನಮ್ಮಮ್ಮ ತುಂಬಿಕೊಟ್ಟಿದ್ದು.”

ಕೂಗು ಅಲ್ಲಲ್ಲೇ ಅಡಗಿತು.

ಸಂಜೆಯೇ ಅಗ್ನಿಶಾಮಕ ಅಧಿಕಾರಿ ಅಂಗೈಯಗಲದ ಮಾಪಕ ಹಿಡಿದು ಬಂದರು. ಆಸ್ಪತ್ರೆಯವರು ರಕ್ತ ಪರೀಕ್ಷೆಗೆ ಕಳಿಸಿದ್ದರು, ಹುಡುಗಿಗೆ ಇನ್ನೂ ಎಚ್ಚರವಾಗಿರಲಿಲ್ಲ. ಮೈದಾನದಲ್ಲಿ ಜನ ಕಾದು ನಿಂತಿದ್ದರು. ಹಲಗೆಯ ಮೇಲೆ ಟೀಚರ್ ಮೊದಲೇ ಬರೆದಳು: ಜನರೇಟರ್ ಓಡಿದರೆ ಅಂಕಿ ಏರಬೇಕು, ಏರದಿದ್ದರೆ ನಮ್ಮ ಊಹೆ ತಪ್ಪು.

ಮಾಪಕವನ್ನು ಮೌನಿಯ ಬೆಂಚಿನ ಮೇಲಿಟ್ಟು ಎಲ್ಲರೂ ಹೊರಬಂದು ಕಿಟಕಿಯಿಂದ ನೋಡಿದರು. ಯಂತ್ರ ಗುರುಗುಟ್ಟಿತು. ಅಂಕಿ ತುಸು ಅಲುಗಾಡಿ ಅಲ್ಲೇ ಕೂತಿತು. ಕಾದರು. ಇನ್ನೂ ಕಾದರು. ಏರಲಿಲ್ಲ.

“ನೋಡಿದ್ಯಾ?” ಎಂದರು ಭಾವ, ಉಸಿರು ಬಿಟ್ಟು. ಜನರ ನಡುವೆ ಗುಸುಗುಸು ಎದ್ದಿತು. ಒಬ್ಬರ ಬಾಯಲ್ಲಿ ನೀರಣ್ಣನ ಹೆಸರೂ ಮತ್ತೆ ಬಂತು.

ಲಾಯರಮ್ಮ ಟೀಚರ ಸೆರಗು ಜಗ್ಗಿದಳು. “ಮೇಡಂ, ಕಿಟಕಿ ತೆರೆದಿದೆ. ಆಗೆಲ್ಲ ಹಾಕಿತ್ತು.”

ನಿಜ. ಆದರೆ ಸೋತ ಮೇಲೆ ಹೇಳುವ ನೆಪವೂ ಹೀಗೆಯೇ ಇರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಒಳಗೆ ಹೋಗಿ ಬರೆದದ್ದರ ಕೆಳಗೆ ಇನ್ನೊಂದು ಸಾಲು ಬರೆದಳು. ಹೊರಬಂದು ಎಲ್ಲರಿಗೂ ಕೇಳುವಂತೆ ಹೇಳಿದಳು: “ಕಿಟಕಿ ನೋಡ್ಕೊಳ್ಳದೇ ಇದ್ದದ್ದು ನನ್ನ ತಪ್ಪು. ಈಗ ಹಾಕಿ ನೋಡ್ತೀವಿ. ಈ ಸಲ ಏರದಿದ್ರೆ ನಾನು ಸೋತ ಹಾಗೆ. ಇನ್ನೊಂದು ನೆಪ ತೆಗೆಯಲ್ಲ.”

ಕಿಟಕಿಗಳನ್ನು ಹಾಕಿದರು. ಗಾಜಿಗೆ ಮೂಗು ಒತ್ತಿ ನಿಂತರು. ಮೊದಲು ಏನೂ ಆಗಲಿಲ್ಲ. ಆಮೇಲೆ ಅಂಕಿ ಮೆಲ್ಲಗೆ ಹತ್ತತೊಡಗಿತು, ನೋಡನೋಡುತ್ತ ದಾಪುಗಾಲಿಟ್ಟಿತು. ಮಾಪಕ ಕಿರುಚಿಕೊಂಡಿತು. ಅದರ ಕೆಂಪು ದೀಪ ಖಾಲಿ ಬೆಂಚುಗಳ ಮೇಲೆ ಮಿನುಗುತ್ತಿತ್ತು.

ಜನರೇಟರ್ ನಿಲ್ಲಿಸಿ, ಬಹಳ ಹೊತ್ತು ಗಾಳಿಯಾಡಿಸಿ, ಅಧಿಕಾರಿ ಒಳಗೆ ಹೋಗಿ ಹಿಂದಿನ ಗೋಡೆಯ ಬೀರು ಸರಿಸಿದರು. ವೈರು ಎಳೆಯಲು ಕೊರೆದು ಹಾಗೆಯೇ ಬಿಟ್ಟಿದ್ದ ತೂತು. ಅದರಾಚೆ, ಮುಚ್ಚಿದ ಇಟ್ಟಿಗೆ ಗೂಡಿನೊಳಗೆ ಬಿರುಕು ಬಿಟ್ಟ ಹೊಗೆ ಕೊಳವೆ. ಭಾವ ಬಗ್ಗಿ ನೋಡಿದರು. ಆ ತೂತಿನ ಮುಂದೆ ಮಂಡಿಯೂರಿ ಕೂತವರು ಏಳಲೇ ಇಲ್ಲ. ತಂಗಿಗೆ ಗೆದ್ದೆ ಅನ್ನಿಸಲಿಲ್ಲ. ಕೈ ಕೊಟ್ಟು ಅವರನ್ನು ಎಬ್ಬಿಸಿದಳು.

ಹುಡುಗಿಗೆ ಬೆಳಗಿನ ಜಾವ ಎಚ್ಚರವಾಯಿತು. ಮೊದಲು ಅಮ್ಮನನ್ನು ಕೇಳಿದಳಂತೆ, ಆಮೇಲೆ ಪೇಪರಿನಲ್ಲಿ ಕೊನೆಯ ಪ್ರಶ್ನೆ ಬಿಟ್ಟುಹೋಯಿತು ಎಂದು ಅತ್ತಳಂತೆ. ಟೀಚರ್ ಹಾಸಿಗೆಯ ಪಕ್ಕ ಕೂತು, “ಆವತ್ತು ನಾಟಕ ಅಂದೆನಲ್ಲ, ನಂದು ತಪ್ಪು ಪುಟ್ಟೀ” ಎಂದಳು. ಹುಡುಗಿ ಆಮ್ಲಜನಕದ ಮುಖವಾಡದೊಳಗೇ ತಲೆಯಾಡಿಸಿದಳು.

ಅಲ್ಲಿಂದ ಅಕ್ಕತಂಗಿ ನೇರ ನೀರಣ್ಣನ ಮನೆಗೆ ಹೋದರು. ಅವನು ಬಾಗಿಲಲ್ಲಿ ನಿಂತ. ತುಟಿಯ ಗಾಯ ಇನ್ನೂ ಹಸಿ. “ಆ ಮಗು ಹೇಗಿದೆಯಮ್ಮಾ?” ಎಂದು ಮೊದಲು ಕೇಳಿದ. ಚೆನ್ನಾಗಿದ್ದಾಳೆ ಎಂದ ಮೇಲಷ್ಟೇ ಒಳಗೆ ಕರೆದ.

“ತಪ್ಪಾಯ್ತು. ನಾಳೆಯಿಂದ ಕೆಲಸಕ್ಕೆ ಬಾ” ಎಂದಳು ಅಕ್ಕ.

ನೀರಣ್ಣ ಶಾಲೆಯ ದಿಕ್ಕಿಗೆ ಕೈ ತೋರಿಸಿದ. “ಇಲ್ಲಿ ಹೇಳಿದ್ರೆ ನಂಗೆ ಒಬ್ಬನಿಗೇ ಕೇಳ್ಸುತ್ತೆ ಮೇಡಂ. ಗೇಟಿನ ಹತ್ರ ನನ್ನ ಹೊಡೆದವರು ಬಹಳ ಜನ ಇದ್ರು.”

ಮಕ್ಕಳ ಹೆತ್ತವರ ಮುಂದೆ ಎಂದೂ ತಲೆ ತಗ್ಗಿಸದ ಅಕ್ಕ ಮರುದಿನ ಗಂಟೆ ಹೊಡೆಯುವ ಮೊದಲೇ ಗೇಟಿಗೆ ಬಂದು ನಿಂತಳು. ಭಾವನೂ ಪಕ್ಕದಲ್ಲಿ ಬಂದು ನಿಂತರು. ಮಕ್ಕಳನ್ನು ಬಿಡಲು ಬಂದವರೆಲ್ಲ ನಿಂತರು. ಗೋಡೆ ಯಾರು ಕಟ್ಟಿಸಿದ್ದು, ಎಚ್ಚರಿಕೆ ಯಾರು ಕೇಳಲಿಲ್ಲ, ತಪ್ಪು ಯಾರ ಮೇಲೆ ಹೋಯಿತು, ಎಲ್ಲವನ್ನೂ ಅವಳು ದನಿ ತಗ್ಗಿಸದೆ ಹೇಳಿದಳು. ನೀರಣ್ಣ ರಸ್ತೆಯ ಆಚೆ ಬದಿಯಲ್ಲಿ ಸೈಕಲ್ ಹಿಡಿದು ಪೂರ್ತಿ ಕೇಳಿಸಿಕೊಂಡ. ಆಮೇಲೆ ರಸ್ತೆ ದಾಟಿ, ಅಕ್ಕನ ಕೈಯಿಂದ ಬೀಗದ ಕೈ ತೆಗೆದುಕೊಂಡು, ಯಾರ ಮುಖವನ್ನೂ ನೋಡದೆ ಒಳಗೆ ಹೋಗಿ, ನಲ್ಲಿಗಳ ಬೀಗ ತೆಗೆಯತೊಡಗಿದ.