ಉಸುಕಿನ ಸಪ್ಪಳ

ನರ್ಮದೆಯ ಸೇತುವೆಯ ಮೇಲೆ ಮಾವನವರು ಗಾಡಿ ನಿಲ್ಲಿಸಿದಾಗ ನನ್ನ ತಾಳ್ಮೆ ಅರ್ಧ ಮುಗಿದಿತ್ತು. ಹಿಂದೆ ಕೃಷ್ಣೆಗೊಮ್ಮೆ, ಭೀಮೆಗೊಮ್ಮೆ ನಿಂತಾಗಿತ್ತು. ಹೊಳೆ ಕಂಡ ಕೂಡಲೇ "ತಾಹೇರ, ಒಂಚೂರು ನಿಲ್ಸಪಾ" ಎನ್ನುವರು. ಇಳಿದು, ಸೇತುವೆಯ ಕಟ್ಟೆ ಹಿಡಿದು ಬಗ್ಗಿ, ಕಣ್ಣು ಕಿರಿದು ಮಾಡಿ ನೋಡುವರು. "ಹರಿವು ಭಾಳ ಐತಿ. ಆದ್ರ ಹದ್ದುಬಸ್ತಿಲ್ಲ" ಎಂದು ಯಾರೂ ಕೇಳದ ತೀರ್ಪು ಕೊಟ್ಟು ಮತ್ತೆ ಹತ್ತುವರು. ಪ್ರತಿ ಸಲಕ್ಕೆ ಅರ್ಧ ಗಂಟೆ.

ನಾನು ಹೊರಟಿದ್ದು ಹೊಳೆ ನೋಡಲಿಕ್ಕಲ್ಲ, ಮರುಭೂಮಿ ನೋಡಲಿಕ್ಕೆ. ನೀರೇ ಇಲ್ಲದ ಜಾಗ ನೋಡಲು ಹೊರಟವಳ ಗಾಡಿಯಲ್ಲಿ ನೀರು ಕಂಡಲ್ಲಿ ಕರಗುವ ಮನುಷ್ಯ! ಮಾವ ಈಶಪ್ಪನವರು ಮೂವತ್ನಾಲ್ಕು ವರ್ಷ ಕಾಲುವೆಯ ಗೇಟು ತಿರುಗಿಸಿ ನಿವೃತ್ತರಾದವರು. ಮುನಿರಾಬಾದಿನಲ್ಲಿ ಮನೆ. ಅತ್ತೆ ಅನ್ನಮ್ಮ ಮಗಳ ಬಾಣಂತನಕ್ಕೆಂದು ಯಲಬುರ್ಗಾಕ್ಕೆ ಹೋಗಿದ್ದರು. "ಅಪ್ಪನೂ ಬರ್ತಾನ, ಪಾಪ" ಎಂದು ನನ್ನ ಗಂಡ ನಾಗೇಶ ಹೊರಡುವ ಹಿಂದಿನ ದಿನ ಹೇಳಿದ. ಪಾಪ ಯಾರು ಎಂಬುದು ನನಗೆ ದಾರಿಯಲ್ಲಿ ತಿಳಿಯಿತು.

ನಾಗೇಶನದು ನಮ್ಮ ಕಡೆಯ ಭಾಗ್ಯನಗರದಲ್ಲಿ ಸೀರೆ ಅಂಗಡಿ. ಡೇರೆ, ಹಾಸಿಗೆ, ಸ್ಟೋವು, ಕಟಕ ರೊಟ್ಟಿಯ ಡಬ್ಬಿಗಳ ಜೊತೆ ಎರಡು ಗಂಟು ಸೀರೆಯನ್ನೂ ಗುಟ್ಟಾಗಿ ಗಾಡಿಗೆ ಹಾಕಿದ್ದ. ಜೋಧಪುರದಲ್ಲಿ ಯಾರೋ ವ್ಯಾಪಾರಿಗೆ ತೋರಿಸಬೇಕಂತೆ. ಆ ವ್ಯಾಪಾರಿ ಮದುವೆಗೆ ಹೋಗಿದ್ದ. ಅವನಿಗಾಗಿ ಒಂದೂವರೆ ದಿನ ಕಾದೆವು. ಇನ್ನು ಗಾಡಿಯ ಯಜಮಾನ ತಾಹೇರ, ನಾಗೇಶನ ಗೆಳೆಯ, ಗಂಗಾವತಿಯ ಭತ್ತದ ಗದ್ದೆಗಳಲ್ಲಿ ಟ್ರ್ಯಾಕ್ಟರ್ ಓಡಿಸಿ ಪಳಗಿದವನು. ಉಸುಕಿನಲ್ಲಿ ಟೈರಿನ ಗಾಳಿ ಇಳಿಸಬೇಕು ಎಂದು ನಾನು ಓದಿಕೊಂಡು ಬಂದು ಹೇಳಿದರೆ, "ಮ್ಯಾಡಂ, ಕೆಸರಾಗ ಗಾಡಿ ಎಬ್ಬಿಸಿದಾವ ನಾನು, ಉಸುಕು ಯಾವ ಲೆಕ್ಕರೀ" ಎಂದು ಇನ್ನಷ್ಟು ಗಾಳಿ ತುಂಬಿಸಿದ. ಜೋಧಪುರ ದಾಟಿದ ಮೇಲೆ ಮೂರು ಕಡೆ ಹೂತುಕೊಂಡೆವು. ಮೂರು ಕಡೆಯೂ ಗಾಡಿ ದಬ್ಬಿದ್ದರಲ್ಲಿ ನಾನೂ ಒಬ್ಬಳು.

ಇಷ್ಟೆಲ್ಲ ಸಿಟ್ಟು ಯಾಕೆಂದರೆ, ನನಗೆ ಒಂದು ರಾತ್ರಿ ಬೇಕಿತ್ತು. ಒಂದೇ ಒಂದು ರಾತ್ರಿ, ಮರಳ ದಿಬ್ಬದ ಮೇಲೆ.

ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು ನಾನು. ಹನ್ನೊಂದು ವರ್ಷದ ಹಿಂದೆ ಮರುಭೂಮಿಯ ಪಾಠ ಮಾಡುವಾಗ ಶಬೀನಾ ಎಂಬ ಹುಡುಗಿ ಎದ್ದು ನಿಂತು, "ಮೇಡಂ, ನೀವು ನೋಡೀರೇನ್ರಿ?" ಎಂದಳು. ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. "ನೋಡೀನಿ" ಎಂದುಬಿಟ್ಟೆ. ಕುಷ್ಟಗಿ ಕಡೆಯಲ್ಲಿ ಹುಟ್ಟಿ ಹೈದರಾಬಾದು ದಾಟದ ನಾನು! ಒಮ್ಮೆ ಹೇಳಿದ್ದನ್ನು ಮುಂದಿನ ವರ್ಷ ಬಿಡಲಾದೀತೆ? ವರ್ಷ ವರ್ಷಕ್ಕೆ ಸುಳ್ಳು ಮೈ ತುಂಬಿಕೊಂಡಿತು. ರಾತ್ರಿ ದಿಬ್ಬದ ಮೇಲೆ ಮಲಗಿದ್ದೆ ಎಂದೆ. ನಸುಕಿಗೆ ಉಸುಕು ತಾನಾಗಿ ಸರಿಯುವ ಸಪ್ಪಳ ಕಿವಿಯಾರೆ ಕೇಳಿದೆ ಎಂದೆ. ಮಕ್ಕಳು ಬಾಯಿ ತೆರೆದು ಕೇಳುತ್ತಿದ್ದವು.

ಈ ವರ್ಷ ಅದೇ ಶಬೀನಾ ಶಿಕ್ಷಕಿಯ ತರಬೇತಿಗೆಂದು ನಮ್ಮ ಶಾಲೆಗೇ ಬಂದಳು, ನನ್ನ ಕೈಕೆಳಗೇ. ಪಾಠ ಮಾಡುವಾಗ ಮಕ್ಕಳ ಕಣ್ಣು ನೋಡಿ ಮಾತಾಡಬೇಕು, ಗೋಡೆ ನೋಡಿ ಅಲ್ಲ ಎಂದು ಅವಳಿಗೆ ಕಲಿಸಿದವಳು ನಾನು. ಒಂದು ದಿನ ಬಾಗಿಲ ಹೊರಗೆ ನಿಂತು ಅವಳ ಪಾಠ ಕೇಳಿದೆ. "ಉಸುಕಿನ ಸಪ್ಪಳ ನಮ್ಮ ಮೇಡಮ್ಮಾರು ಖುದ್ದ ಕೇಳ್ಯಾರ" ಎನ್ನುತ್ತಿದ್ದಳು. ನನ್ನ ಸುಳ್ಳು ಈಗ ಅವಳ ಬಾಯಲ್ಲಿ ಪಾಠವಾಗಿತ್ತು. ನಾಚಿಕೆಯಿಂದ ಸತ್ತುಹೋದೆ. ಅದನ್ನು ನಿಜ ಮಾಡದೆ ನನಗೆ ಉಳಿಗಾಲವಿಲ್ಲ ಎನಿಸಿತು. ಹತ್ತು ದಿನ ರಜೆ ಹಾಕಿದೆ. ನಿಜ ಕಾರಣ ಯಾರಿಗೂ ಹೇಳಲಿಲ್ಲ, ಗಂಡನಿಗೂ.

ಹೊಳೆ, ಸೀರೆ, ಟೈರು ಎಲ್ಲ ತಿಂದು ಉಳಿದದ್ದು ಶನಿವಾರ ರಾತ್ರಿ ಒಂದೇ. ಭಾನುವಾರ ಹಿಂದಿರುಗಲೇಬೇಕು. ಶನಿವಾರ ಮಧ್ಯಾಹ್ನ ಮೂರಕ್ಕೆ ಕೊನೆಯ ಊರು ದಾಟಿ ಉಸುಕಿನ ದಾರಿ ಹಿಡಿದೆವು. ದೊಡ್ಡ ದಿಬ್ಬಗಳು ಇನ್ನು ಹನ್ನೆರಡು ಕಿಲೋಮೀಟರ್. ದೂರದಲ್ಲಿ ಅವುಗಳ ನೆತ್ತಿ ಕಾಣುತ್ತಿತ್ತು. ನನ್ನ ಎದೆ ಹಗುರಾಯಿತು.

"ತಾಹೇರ, ಒಂಚೂರು ನಿಲ್ಸಪಾ."

ಆ ಬೆಂಗಾಡಿನ ನಡುವೆ ಒಂದು ಕಾಲುವೆ! ನಮ್ಮ ದೇಶದಲ್ಲಿ ಮರುಭೂಮಿಗೂ ಕಾಲುವೆ ತಂದಿದ್ದಾರೆ ಎಂದು ನಾನೇ ಪಾಠ ಮಾಡಿದ್ದೆ. ಅದು ನನ್ನ ದಾರಿಗೇ ಅಡ್ಡ ಬರುತ್ತದೆಂದು ಕನಸು ಕಂಡಿರಲಿಲ್ಲ. ಕಾಲುವೆ ಕವಲೊಡೆವ ಕಡೆ ಒಂದು ಸಣ್ಣ ಗೇಟು. ಗೇಟಿನ ಚಕ್ರಕ್ಕೆ ಜೋತುಬಿದ್ದು ಒಬ್ಬ ಮುದುಕ ಒದ್ದಾಡುತ್ತಿದ್ದ. ದಂಡೆಯ ಮೇಲೆ ನಾಲ್ಕೈದು ಜನ ಸುಮ್ಮನೆ ಕೂತಿದ್ದರು. ಮಾವನವರು ಪಂಚೆ ಎತ್ತಿ ಕಟ್ಟಿ ಇಳಿದರು. ಅವರಿಗೆ ಹಿಂದಿ ಬರುವುದಿಲ್ಲ. ತಾಹೇರ ಮಾತು ಕೇಳಿ ತಿಳಿಸಿದ.

"ಗೇಟ್ ಜಾಮ್ ಆಗೇತಂತ, ಕಾಕಾ. ಕೆಳಗಿನ ಊರಿಗೆ ಭಾಳ ದಿನದಿಂದ ನೀರು ಹೋಗಿಲ್ಲಂತ. ಇವತ್ತು ಅವರ ಪಾಳಿ. ಬೆಳತನಕ ಬಿಡದಿದ್ರ ಪಾಳಿ ಹೋತಂತ."

"ತಿರುವಾಕ ಹತ್ತಿದ್ದ ತಪ್ಪು. ಸ್ಕ್ರೂದಾಗ ಉಸುಕು ಕುಂತೈತಿ" ಎಂದರು ಮಾವ. "ಐದು ನಿಮಿಷದ ಕೆಲಸ."

ಐದು ನಿಮಿಷದ ಕೆಲಸ ನಾಲ್ಕಕ್ಕೆ ಮುಗಿಯಲಿಲ್ಲ. ಐದಕ್ಕೂ ಮುಗಿಯಲಿಲ್ಲ. ಡೀಸೆಲ್ ಸುರಿದರು. ಅದು ಸಾಲದೆಂದು ನಮ್ಮ ಅಡುಗೆ ಚೀಲದಿಂದ ಶೇಂಗಾ ಎಣ್ಣೆ ತರಿಸಿದರು. ಸ್ಕ್ರೂವಿನ ಸಂದಿ ಉಜ್ಜಲು ಒಂದು ಬ್ರಷ್ ಬೇಕೆಂದರು. ನಾಗೇಶ ಹಿಂದೆ ಮುಂದೆ ನೋಡದೆ ನನ್ನ ಹಲ್ಲುಜ್ಜುವ ಬ್ರಷ್ ತೆಗೆದುಕೊಟ್ಟ. ಆ ಇಬ್ಬರು ಮುದುಕರು ಒಬ್ಬರ ಭಾಷೆ ಒಬ್ಬರಿಗೆ ತಿಳಿಯದೆ ಗಂಟೆಗಟ್ಟಲೆ ಹರಟಿದರು. ಹೊತ್ತು ಇಳಿಯುತ್ತಲೇ ಇತ್ತು. ದಿಬ್ಬಗಳ ನೆತ್ತಿ ಕೆಂಪಾಯಿತು, ಆಮೇಲೆ ಬೂದಿಯಾಯಿತು.

"ಮಾವಾರೀ, ಇನ್ನ ಹೋಗೂಣು ನಡೀರಿ" ಎಂದೆ.

"ಆತವ್ವಾ, ಇನ್ನೊಂದೀಟ."

"ಇನ್ನ ಹೋಗಾಕ ಆಗಂಗಿಲ್ಲರೀ" ಎಂದ ತಾಹೇರ. "ಕತ್ತಲಾಗ ಈ ಉಸುಕಿನಾಗ ಗಾಡಿ ಹೂಡಂಗಿಲ್ಲ ನಾನು."

ಅಷ್ಟೇ. ನನ್ನ ತಲೆ ಸಿಡಿಯಿತು. "ಮೂವತ್ನಾಲ್ಕು ವರ್ಷ ತಿರುವಿದ್ದು ಸಾಲಲಿಲ್ಲೇನ್ರಿ ನಿಮಗ? ಎರಡು ಸಾವಿರ ಕಿಲೋಮೀಟರ್ ಬಂದು ಮತ್ತ ಗೇಟೇನ್ರಿ? ನನಗ ಒಂದ ರಾತ್ರಿ ಬೇಕಿತ್ತು. ಒಂದ ಒಂದು!" ಎಂದು ಅಷ್ಟು ಜನರೆದುರು ಚೀರಿದೆ. ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಮಾವನಿಗೆ ಎದುರಾಡಿದವಳಲ್ಲ. ಅವರು ಎಣ್ಣೆಗೈಯಲ್ಲಿ ಬ್ರಷ್ ಹಿಡಿದು ನನ್ನನ್ನು ನೋಡಿದರು. ಮತ್ತೆ ಸ್ಕ್ರೂ ಉಜ್ಜತೊಡಗಿದರು.

ಡೇರೆಯ ಚೀಲ ಹೆಗಲಿಗೆ ಹಾಕಿಕೊಂಡು ನಡೆದೇಬಿಟ್ಟೆ. ದಿಬ್ಬವಿಲ್ಲದಿದ್ದರೆ ಇಲ್ಲ, ಈ ಗೇಟಿನ ಮುಖ ನೋಡಿಕೊಂಡಂತೂ ಮಲಗಲಾರೆ. ನಾಗೇಶ ಹಾಸಿಗೆ, ತಾಟು, ರೊಟ್ಟಿ ಡಬ್ಬಿ ಹೊತ್ತು ಹಿಂದೆ ಬಂದ. ಎರಡು ಕಿಲೋಮೀಟರ್ ನಡೆದಿರಬೇಕು. ಒಂದು ಛಲೋ ತಗ್ಗು ಸಿಕ್ಕಿತು. ಎರಡು ಬದಿಗೂ ಮೊಣಕಾಲೆತ್ತರದ ಏರಿ, ನಡುವೆ ಜರಡಿ ಹಿಡಿದಂಥ ನುಣ್ಣನೆ ಉಸುಕು. ನಮ್ಮ ಕುಷ್ಟಗಿ ಕಡೆಯ ಹಳ್ಳಗಳು ಹೀಗೆಯೇ ಇರುತ್ತವೆ. ಬೇಸಿಗೆಯಲ್ಲಿ ಹಳ್ಳದ ಉಸುಕಿನಲ್ಲಿ ಮಲಗಿಯೇ ಬೆಳೆದವಳು ನಾನು. ಅಂಕಿ ಕೊರೆದ ಒಂದು ಕಲ್ಲು ಅರ್ಧ ಹೂತು ನಿಂತಿತ್ತು. ಯಾರದೋ ಹೊಲದ ಗಡಿ ಇರಬೇಕೆಂದು ಅದಕ್ಕೆ ಚೀಲ ತೂಗುಹಾಕಿದೆ. ಗಾಳಿ ತಗ್ಗಿನ ಉದ್ದಕ್ಕೆ ಬೀಸುತ್ತಿತ್ತು. ನಾಗೇಶ ತಾಟಿನಿಂದ ಉಸುಕು ಗೋರಿ ಡೇರೆಯ ಮುಂದೆ ಅಡ್ಡಲಾಗಿ ಒಡ್ಡು ಹಾಕಿದ. ರೊಟ್ಟಿ, ಗುರೆಳ್ಳು ಚಟ್ನಿ ತಿಂದು, ನನ್ನ ಮೋರೆ ನೋಡಿ ಹೊದ್ದು ಮಲಗಿದ.

ನಾನು ಕಿವಿಗೊಟ್ಟು ಕಾದೆ. ಸುಳ್ಳು ಹೇಳಿದ್ದೇ ಆದರೂ ಎಲ್ಲಾದರೂ ನಿಜವಿರಬಾರದೇ? ನಾಗೇಶನ ಗೊರಕೆ ಬಿಟ್ಟರೆ ಬೇರೆ ಏನೂ ಇಲ್ಲ. ಅತ್ತುಕೊಂಡೇ ನಿದ್ದೆ ಹೋದೆ.

ಎಚ್ಚರಾದಾಗ ನಸುಕು. ಸಪ್ಪಳ ಕೇಳಿಸಿತು.

ಸಣ್ಣಗೆ, ಎಡೆಬಿಡದೆ, ಸರ್ ಸರ್ ಎಂದು ಏನೋ ಸರಿಯುತ್ತಿತ್ತು. ಮೈಯೆಲ್ಲ ಜುಮ್ಮೆಂದಿತು. ಉಸುಕು! ಹನ್ನೊಂದು ವರ್ಷ ನಾನು ವರ್ಣಿಸಿದ ಅದೇ ಸಪ್ಪಳ, ಒಂದಕ್ಷರ ಹೆಚ್ಚುಕಡಿಮೆ ಇಲ್ಲ. ಕೈಮುಗಿದೆ. ಸದ್ದಾಗದಂತೆ ಡೇರೆಯ ಬಾಯಿ ತೆರೆದು ತೆವಳಿ ಹೊರಗೆ ಬಂದೆ.

ಒಡ್ಡಿನ ಆಚೆ ನೀರು ನಿಂತಿತ್ತು. ಒಣ ಉಸುಕು ಅದನ್ನು ಹೀರುತ್ತ ಸರಗುಟ್ಟುತ್ತಿತ್ತು. ನೊರೆ, ಕಸ, ಜೀರುಂಡೆಗಳನ್ನು ಹೊತ್ತ ನೀರು ನಾಗೇಶನ ಒಡ್ಡಿಗೆ ತಾಗಿ, ದಾರಿ ಕಾಣದೆ, ಏರಿಯ ಒಂದು ತಗ್ಗಿನಿಂದ ಪಕ್ಕದ ಬಯಲಿಗೆ ಹರಿದು ಇಂಗುತ್ತಿತ್ತು. ಇದು ಹಳ್ಳವಲ್ಲ, ಆ ಗೇಟಿನಿಂದ ಬರುವ ಕವಲು ಕಾಲುವೆ ಎಂದು ಆಗ ಹೊಳೆಯಿತು. ಸಮಾಜ ವಿಜ್ಞಾನದ ಶಿಕ್ಷಕಿ ಕಾಲುವೆಯೊಳಗೆ ಡೇರೆ ಹೊಡೆದಿದ್ದಳು.

ಏರಿಯ ಮೇಲೆ ಬ್ಯಾಟರಿ ಹಿಡಿದು ಯಾರೋ ಓಡಿ ಬಂದರು. ಮಾವ. ಪಂಚೆ ತೊಡೆಯ ತನಕ ಒದ್ದೆ.

"ಯಾಂವಲೇ ಒಡ್ಡು ಹಾಕಿದಾಂವ? ಮುಂದ ಊರೈತಿ!" ಎಂದು ಕೂಗಿ, ನನ್ನನ್ನು ಕಂಡು ಗಕ್ಕನೆ ನಿಂತರು. ನಾವು ಗಾಡಿಯ ಹತ್ತಿರವೇ ಎಲ್ಲೋ ಮಲಗಿದ್ದೇವೆಂದು ಅವರು ತಿಳಿದಿದ್ದರು. ಗೇಟು ಎದ್ದದ್ದು ರಾತ್ರಿ ಊಟದ ಹೊತ್ತಿಗಂತೆ. ಅಲ್ಲಿಂದ ಇಲ್ಲಿಯ ತನಕ, ಇಂಗುತ್ತ ತೆವಳುವ ನೀರಿನ ಜೊತೆ ಅವರೂ ಹೆಜ್ಜೆ ಹಾಕಿಕೊಂಡು ಬಂದಿದ್ದರು.

"ಅವ್ವಾ, ಒಡೀಬೇಕಾಗ್ತೈತಿ" ಎಂದರು, ಡೇರೆಯ ಕಡೆ ನೋಡಿ. ಧ್ವನಿಯಲ್ಲಿ ಜೋರಿರಲಿಲ್ಲ. ನಿನ್ನೆ ನಾನು ಚೀರಿದ್ದರ ಅಳುಕು ಆ ಧ್ವನಿಯಲ್ಲಿತ್ತು.

ತಾಟು ಎತ್ತಿಕೊಂಡೆ. ಒಡ್ಡಿನ ನಡುವಿಗೇ ಇಳಿದು ಗೋರಿದೆ. ಅವರು ಎದುರಿನಿಂದ ಕೈಯಲ್ಲೇ ಬಗೆದರು. ನಾಗೇಶನನ್ನು ಎಬ್ಬಿಸುವಷ್ಟು ವ್ಯವಧಾನ ಇರಲಿಲ್ಲ, ಮನಸ್ಸೂ ಇರಲಿಲ್ಲ. ಒಡ್ಡು ಒಡೆದು ನೀರು ನುಗ್ಗಿತು. ಡೇರೆಯೊಳಗಿಂದ "ಏಯ್! ಏಯ್!" ಎಂದು ಕೇಳಿಸಿತು. ಹಾಸಿಗೆ, ನನ್ನ ಚಪ್ಪಲಿ, ರೊಟ್ಟಿಯ ಡಬ್ಬಿ ಎಲ್ಲ ಮುಂದಕ್ಕೆ ಹೊರಟವು.

ನಾವಿಬ್ಬರೂ ನೀರಿನ ಹಿಂದೆ ನಡೆದೆವು. ಅರ್ಧ ಕಿಲೋಮೀಟರ್ ದೂರದಲ್ಲಿ ಇಟ್ಟಿಗೆಯ ಒಂದು ತೊಟ್ಟಿ, ಅದರಾಚೆ ಏಳೆಂಟು ಗುಡಿಸಲು. ತೊಟ್ಟಿಯ ಸುತ್ತ ಕೊಡ ಹಿಡಿದ ಹೆಂಗಸರು, ಆಡುಗಳು. ನೀರು ತೊಟ್ಟಿಯ ಬಾಯಿಗೆ ಬಂದು ಕ್ಷಣ ತಡೆದು, ಒಳಗೆ ಬಿತ್ತು. ಒಬ್ಬಾಕೆ ಕೊಡ ಕೆಳಗಿಟ್ಟು ಕೈ ತೊಳೆದುಕೊಂಡಳು. ಮಾವನವರು ಅಲ್ಲೇ ಉಸುಕಿನ ಮೇಲೆ ಕುಸಿದು ಕೂತರು.

"ಮೂವತ್ನಾಲ್ಕು ವರ್ಷ" ಎಂದರು. "ಕೊನೀ ಊರಿನವರು ಬಂದು ಕೇಳೋರು. 'ಈಶಪ್ಪಾ, ನೀರು ಮುಟ್ತೈತೇನಪಾ?' 'ಬಿಟ್ಟೀನಿ, ನಾಳೆ ಮುಟ್ತೈತಿ ಹೋಗ್ರಿ' ಅಂತಿದ್ದೆ. ಒಂದು ದಿನಾನೂ ಹೋಗಿ ನೋಡಿಲ್ಲವ್ವಾ. ಮುಟ್ಟೂದು ಹೆಂಗಿರ್ತೈತಂತ ಗೊತ್ತ ಇರಲಿಲ್ಲ ನನಗ. ನೋಡದ ಹೇಳಿಕೋತ ಬಂದೆ."

ಯಾರಿಗೂ ಹೇಳದ್ದನ್ನು ಅವರಿಗೆ ಹೇಳಿದೆ, ಶಬೀನಾ ಎದ್ದು ನಿಂತಲ್ಲಿಂದ ಹಿಡಿದು ಈ ಬೆಳಗಿನ ಸಪ್ಪಳದ ತನಕ. ಅವರು ನಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ನಿನ್ನ ಆ ಒಂದು ರಾತ್ರಿ ನಾ ತಿಂದೆ, ತಪ್ಪಾತು" ಎಂದರು. ಕಿಸೆಯಿಂದ ನನ್ನ ಬ್ರಷ್ ತೆಗೆದು ಕೊಟ್ಟರು. ಅದರ ಕೂದಲೆಲ್ಲ ಕಪ್ಪು ಜಿಡ್ಡು.

ದಿಬ್ಬಗಳು ಅಲ್ಲೇ ನಿಂತಿದ್ದವು, ಹತ್ತು ಕಿಲೋಮೀಟರ್ ದೂರದಲ್ಲಿ, ಬಿಸಿಲಿಗೆ ಹೊಳೆಯುತ್ತ. ಅವುಗಳಿಗೆ ಬೆನ್ನು ಹಾಕಿ, ಗಾಡಿಯ ತಲೆಯ ಮೇಲೆ ಒದ್ದೆ ಡೇರೆ ಹರವಿಕೊಂಡು ಹೊರಟೆವು. ಹೊಟ್ಟೆ ಉರಿಯಿತು. ಈಗಲೂ ಉರಿಯುತ್ತದೆ. ಗಾಡಿಯಲ್ಲೇ ಕೂತು ಶಬೀನಾಗೆ ಬರೆದೆ: "ಅವತ್ತು ನೀನು ಕೇಳಿದಾಗ ನಾನು ಮರುಭೂಮಿ ನೋಡಿರಲಿಲ್ಲ. ಸುಳ್ಳು ಹೇಳಿದೆ. ಉಸುಕಿನ ಸಪ್ಪಳವೂ ಸುಳ್ಳು. ಮಕ್ಕಳಿಗೆ ನಾನೇ ಬಂದು ಹೇಳುತ್ತೇನೆ." ಅಲ್ಲಿ ಸಿಗ್ನಲ್ ಇರಲಿಲ್ಲ. ಅಳಿಸಲು ನಲವತ್ತು ಕಿಲೋಮೀಟರ್ ಸಮಯವಿತ್ತು. ಅಳಿಸಲಿಲ್ಲ.

ದೊಡ್ಡ ಊರೊಂದು ಹತ್ತಿರವಾದಾಗ ಅದು ಹೋಯಿತು. ಐದು ನಿಮಿಷಕ್ಕೆ ಉತ್ತರ ಬಂತು.

"ಗೊತ್ತಿತ್ರಿ ಮೇಡಂ. ಮಕ್ಕಳು ಬಾಯಿ ತೆರೆದು ಕೇಳ್ತಾವಂತ ನಾನೂ ಅದನ್ನ ಹೇಳಿದೆ. ಅವತ್ತ ಗೊತ್ತಾಗಿತ್ತು. ಅದೊಂದು ಮಾತು ನೀವು ಕಿಟಕಿ ನೋಡಿಕೋತ ಹೇಳಿದ್ರಿ."